ಚಾಚಾ ಮೊದಲು ಕೂತ ಜೋಕಾಲಿ

ಹೋದ ವಾರ ಹಗ್ಗಕ್ಕೆಂದು ತಂದ ಪುಂಡಿ ನಾರಿನ ಗಂಟು ಬಿಚ್ಚಿ ನೀರು ಚಿಮುಕಿಸಿದೆ. ಕೆರೆಯ ಕೆಸರಿನಂಥ ವಾಸನೆ ಮನೆಯೆಲ್ಲ ಹರಡಿತು. ನನ್ನ ಗಂಡ ಮೂಗು ಮುಚ್ಚಿಕೊಂಡು ಹೊರಗೆ ನಡೆದರು. ನನಗೆ ಮಾತ್ರ ಆ ವಾಸನೆಯ ಹಿಂದೆಯೇ ಚಾಚಾ ಬಂದು ಎದುರು ಕೂತಂತಾಯಿತು...

ಅವರನ್ನು ಮೊದಲು ಕಂಡದ್ದು ಮಸ್ಕಿ ಗುಡ್ಡದ ಕೆಳಗಿನ ಒಂದು ಹೊಲದಲ್ಲಿ. ನನ್ನ ಗೆಳತಿ ಪ್ರತಿ ವರ್ಷ ನಾಗರ ಪಂಚಮಿಗೆ ಮುಂಚೆ ಅಲ್ಲಿ ಡೇರೆ ಹಾಕಿಸಿ ದೊಡ್ಡವರಿಗಾಗಿ ಕೈಕೆಲಸದ ಶಿಬಿರ ನಡೆಸುತ್ತಾಳೆ. ಟಿವಿ ಇಲ್ಲ, ಫ್ಯಾನಿಲ್ಲ. ಕಟ್ಟಿಗೆ ಒಲೆಯ ರೊಟ್ಟಿ, ನೆಲದ ಮೇಲೆ ನಿದ್ದೆ. ಸಿಂಧನೂರಿನ ಆಸ್ಪತ್ರೆಯಲ್ಲಿ ನರ್ಸ್ ಆಗಿ ಪಾಳಿ ಮೇಲೆ ಪಾಳಿ ಮಾಡಿ ಸಾಕಾಗಿದ್ದ ನಾನು ಮಲಗಿ ಬರೋಣವೆಂದೇ ಹೋದವಳು. ಹಗ್ಗ ಕಲಿಸಲು ಗುರುಗುಂಟಾದಿಂದ ಬಂದಿದ್ದ ಚಾಚಾ ಯಾರನ್ನೂ ಮಲಗಗೊಡಲಿಲ್ಲ. ಹಟ್ಟಿಯ ಚಿನ್ನದ ಗಣಿಯಲ್ಲಿ ದುಡಿದು ನಿವೃತ್ತರಾದವರು; ಹಗ್ಗ ಹೊಸೆಯುವುದು ಅವರ ಅಪ್ಪನ ಕಸುಬಾಗಿತ್ತು.

ಅಲ್ಲಿ ಕಟ್ಟಳೆ ಒಂದೇ. ನಾವು ಹೊಸೆದ ಹಗ್ಗದಿಂದ ಕೊನೆಯ ದಿನ ಬೇವಿನ ಮರಕ್ಕೆ ಪಂಚಮಿ ಜೋಕಾಲಿ ಕಟ್ಟಬೇಕು. ಮೊದಲು ಚಾಚಾ ಕೂಡುತ್ತಾರೆ, ಆಮೇಲೆ ಹೊಸೆದವರು.

ಕೇಳಿದ್ದೇ ನಾನು ಕೈಯಲ್ಲಿದ್ದ ನಾರು ಕೆಳಗಿಟ್ಟೆ. ಚಿಕ್ಕವಳಿದ್ದಾಗ ಪಂಚಮಿಯ ದಿನವೇ ಜೋಕಾಲಿ ಹಗ್ಗ ಹರಿದು ಬಿದ್ದು ಕೈ ಮುರಿದುಕೊಂಡವಳು ನಾನು; ಮತ್ತೆ ಜೋಕಾಲಿ ಮುಟ್ಟಿರಲಿಲ್ಲ. ಸಾಲದ್ದಕ್ಕೆ ನನ್ನ ಹಗ್ಗ ಒಂದು ಕಡೆ ದಪ್ಪ, ಒಂದು ಕಡೆ ಸಣ್ಣ. ಇಲಿ ನುಂಗಿದ ಹಾವಿನ ಹಾಗಿದೆ ಎಂದು ಲಿಂಗಸುಗೂರಿನ ಮಾಸ್ತರರೊಬ್ಬರು ನಕ್ಕರು. ಚಾಚಾ ನಗಲಿಲ್ಲ. ಪಕ್ಕದಲ್ಲೇ ಕೂತು, ಸಡಿಲಾದ ಕಡೆಯಲ್ಲೆಲ್ಲ ಬಿಚ್ಚಿಸಿ, ನನ್ನ ಅಂಗೈ ಕೆಂಪಾಗುವವರೆಗೂ ಮತ್ತೆ ಹೊಸೆಯಲು ಹಚ್ಚಿದರು. ಆಗ ಅವರ ಮೇಲೆ ಎಷ್ಟು ಸಿಟ್ಟು ಬಂದಿತ್ತು!

ಕೊನೆಯ ದಿನ ನನ್ನ ಹಗ್ಗ ಮರವೇರಿದಾಗ ನಾನು ಅಡ್ಡ ನಿಂತೆ. ಚಾಚಾನ ವಯಸ್ಸಿನಲ್ಲಿ ಬಿದ್ದು ಸೊಂಟ ಮುರಿದರೆ ಏನಾಗುತ್ತದೆಂದು ವಾರ್ಡಿನಲ್ಲಿ ದಿನಾ ನೋಡುವವಳು ನಾನು.

"ಬ್ಯಾಡ್ರೀ ಚಾಚಾ. ಮೊದಲಿಗೆ ಒಂದು ಕಲ್ಲು ಕಟ್ಟಿ ನೋಡೂಣು."

"ಘಾಬರಿ ಆಗಬ್ಯಾಡ ಬೇಟಾ. ಗಣಿಯೊಳಗ ದಿನಾ ಮಂದಿ ಕಟ್ಟಿದ ಹಗ್ಗ ನಂಬಿ ಇಳದೀನಿ. ನಿನ್ನ ಕೈ ನಾ ನೋಡೀನಿ. ಸರಿ, ದಾರಿ ಬಿಡು."

ಕೂತರು. ಟೊಂಗೆ ಕಿರ್ರೆಂದಿತು, ನಾನು ಕಣ್ಣು ಮುಚ್ಚಿಕೊಂಡೆ... ತೆರೆದಾಗ ಅವರ ಬಿಳಿ ಗಡ್ಡ ಗಾಳಿಗೆ ಹಾರುತ್ತಿತ್ತು, ಮಾಸ್ತರರು ಚಪ್ಪಾಳೆ ತಟ್ಟುತ್ತಿದ್ದರು. ಆಮೇಲೆ ನಾನೂ ಕೂತು, ಮಸ್ಕಿ ಗುಡ್ಡ ಕಾಲ ಕೆಳಗೆ ಬರುವಂತೆ ಜೀಕಿದೆ. ಹೆಮ್ಮೆಗೆ ಹುಚ್ಚಿಯಂತೆ ನಕ್ಕೆ. ಆ ಹಗ್ಗ ನನ್ನದು!

ಮುಂದೆ ಪ್ರತಿ ವರ್ಷ ಅವರ ಬಳಿ ಕಲಿತೆ. ಹೋದ ಚಳಿಗಾಲದಲ್ಲಿ ಚಾಚಾ ತೀರಿಕೊಂಡರು. ಈ ಸಲ ಹಗ್ಗ ಕಲಿಸಲು ಗೆಳತಿ ನನ್ನನ್ನೇ ಕರೆದಳು. ನಾರಿನ ಗಂಟು ಬಿಚ್ಚಿದ್ದು ಅದಕ್ಕೇ.

ನಿನ್ನೆ, ಶಿಬಿರದ ಕೊನೆಯ ದಿನ, ಬೇವಿಗೆ ಮೊದಲ ಜೋಕಾಲಿ ಬಿತ್ತು. ಹೊಸೆದವಳು ಗೊರೇಬಾಳದ ಹೊಸಬಳು, ಹಗ್ಗ ಅಲ್ಲಲ್ಲಿ ಗಂಟುಗಂಟು. ಹಳಬರೆಲ್ಲ ರೂಢಿಯಂತೆ ಚಾಚಾ ನಿಲ್ಲುತ್ತಿದ್ದ ಕಡೆ ನೋಡಿದರು.

"ಅಕ್ಕಾ, ಹರದ್ರ?" ಎಂದಳು ಆಕೆ.

"ನಿನ್ನ ಕೈ ನಾ ನೋಡೀನವಾ. ದಾರಿ ಬಿಡು," ಎಂದು ಹೋಗಿ ಕೂತೆ.