ಪರಪಾಪ ನಿವೇದಕರು

ನಮ್ಮ ಚರ್ಚಿನ ಪಕ್ಕದ ದರ್ಜಿಯಷ್ಟು ನಿಷ್ಠೆಯಿಂದ ಪಾಪನಿವೇದನೆಗೆ ಹೋಗುವವರು ಇನ್ನೊಬ್ಬರಿಲ್ಲ. ಆದರೆ ಅವರು ನಿವೇದಿಸುವುದೆಲ್ಲ ಮಂದಿಯ ಪಾಪ. ಹೊಲಿಗೆ ಯಂತ್ರದ ಸದ್ದಿನ ಮೇಲೆ ಮಾತಾಡಿ ಪಳಗಿದ ಗಂಟಲು, ಹಾಗಾಗಿ ಸರದಿಯಲ್ಲಿ ಕೂತ ನಮಗೂ ಎಲ್ಲ ಕೇಳಿಸುತ್ತದೆ. ಹೆಂಡತಿಯ ಬಾಯಿ, ಭಾವಮೈದುನನ ಕುಡಿತ, ಗಾಯಕವೃಂದದ ಅಪಸ್ವರ ಎಲ್ಲವನ್ನೂ ಫಾದರಿಗೆ ಒಪ್ಪಿಸಿ, ಇಸ್ತ್ರಿ ಹಾಕಿದ ಅಂಗಿಯಂತೆ ಗರಿಗರಿಯಾಗಿ ಹೊರಬರುತ್ತಾರೆ. ತೋಳು ಗಿಡ್ಡವಾದರೆ ಗಿರಾಕಿಯ ಕೈ ಉದ್ದ. ತಮಗೆ ಸಿಟ್ಟು ಬಂದರೆ ಅದು ಸೈತಾನನ ಕಿತಾಪತಿ. "ನಿಮ್ಮದೇನಾದ್ರೂ ಇದ್ರೆ ಹೇಳಿ" ಎಂದು ಫಾದರ್ ಆಕಳಿಸಿದರೆ, "ನಂದೇನಿದೆ ಫಾದರ್, ಇವರನ್ನೆಲ್ಲ ಸಹಿಸ್ಕೊಂಡಿದೀನಲ್ಲ, ಅಷ್ಟೇ" ಎನ್ನುತ್ತಾರೆ. ಮಗಳು ತಾನೇ ಮೆಚ್ಚಿದವನನ್ನು ಮದುವೆಯಾದದ್ದೂ ಹೆಂಡತಿ ಮುದ್ದು ಮಾಡಿದ ಪಾಪವೇ ಆಗಿತ್ತು. ಕಳೆದ ವಾರ ಯಾರದೋ ಮಗಳ ಮದುವೆಯ ಗೌನು ಹೊಲಿದು ಮುಗಿಸಿ ನೇರ ಚರ್ಚಿಗೆ ಬಂದವರು, ಕೊರಳಿನ ಅಳತೆ ಟೇಪನ್ನೂ ತೆಗೆಯದೆ ಮಂಡಿಯೂರಿದರು. "ಇವತ್ತು ಯಾರ ಪಾಪ?" ಎಂದರು ಫಾದರ್. "ನಂದು. ಮದುವೆ ಬಟ್ಟೆ ನೀವೇ ಹೊಲೀಬೇಕಪ್ಪಾ ಅಂತ ಮಗಳು ಅಂಗಡಿಗೆ ಬಂದಿದ್ಲು. ಗಿರಾಕಿಗಳ ಎದುರಿಗೇ ಹೊರಗೆ ನಡಿ ಅಂದೆ. ಯಾರೂ ಹೇಳ್ಕೊಟ್ಟಿದ್ದಲ್ಲ ಫಾದರ್, ಸೈತಾನ ಕೂಡ ಅಲ್ಲ." ಫಾದರ್ ಆಶೀರ್ವದಿಸಿದ್ದೇ ತಡ, ಹೋಗಿ ಮಗಳ ಮನೆಯ ಬಾಗಿಲು ತಟ್ಟಿದರಂತೆ. "ಅಮ್ಮ ಕಳಿಸಿದ್ಲಾ?" ಎಂದಳಂತೆ ಅವಳು. "ಇಲ್ಲಮ್ಮ, ನಾನೇ ಬಂದೆ."