ಕರಿಬಸವ ಹಾಸಿದ ನೆಲ

ದೇವನಹಳ್ಳಿಯಲ್ಲಿ ಬೆಂಗಳೂರಿನ ಹೊಸ ವಿಮಾನ ನಿಲ್ದಾಣ ಕಟ್ಟುವಾಗ ಕರಿಬಸವ ವರ್ಷಕ್ಕೂ ಮೇಲೆ ಅಲ್ಲೇ ಇದ್ದು ನೆಲಕ್ಕೆ ಕಲ್ಲು ಹಾಸಿದ. ಹೆಂಡತಿ ಅಂಬವ್ವ ಮಣಿಪಾಲದಲ್ಲಿ ಉಳಿದು ಹಾಸ್ಟೆಲ್ ಕಟ್ಟಡಗಳಿಗೆ ಜಲ್ಲಿ ಹೊತ್ತಳು. ಬಾದಾಮಿ ಕಡೆಯಿಂದ ಬಂದ ಇಬ್ಬರಿಗೂ ಅಲ್ಲಿ ಇಮೆಲ್ಡಾ ಬಾಯಿಯ ಮನೆಯ ಹಿಂದಿನ ಬಾಡಿಗೆ ಕೋಣೆಯೇ ಮನೆ. ಕರಿಬಸವ ರಜೆಗೆ ಬಂದನೆಂದರೆ ಮುಗಿಯಿತು, ಉಣ್ಣುವಾಗಲೂ ಅದೇ ನೆಲದ ಜಂಬ!

"ಎರಡು ಕಲ್ಲಿನ ನಡುವ ಒಂದು ಕೂದಲ ಹೋಗಂಗಿಲ್ಲ. ಬಾಗಿಲ ತೆರೀಲಿ, ನಿನ್ನ ಅದರ ಮ್ಯಾಲ ನಡಸ್ತೀನಿ."

ಅಂಬವ್ವ ಮೇಲೆ ನಕ್ಕರೂ ಒಳಗೆ ಆಸೆಪಟ್ಟಳು. ಗಂಡ ಕಟ್ಟಿದ ಎಷ್ಟು ಮನೆಗಳಲ್ಲಿ ಅವಳು ಕಾಲಿಟ್ಟಿದ್ದಾಳೆ? ಒಂದರಲ್ಲೂ ಇಲ್ಲ.

ಇಮೆಲ್ಡಾ ಬಾಯಿಯ ಗಂಡ ಮಸ್ಕತ್‌ನಲ್ಲಿ, ವಿಮಾನದ ವಿಷಯ ಅವಳಿಗೆ ಅಂಗೈ ಮೇಲಿನ ಗೆರೆ. "ಅದರಲ್ಲಿ ಸರ್ಕಾರದ್ದು ಸಣ್ಣ ಪಾಲು ಉಂಟಷ್ಟೆ ಮಾರಾಯ, ಹೆಚ್ಚಿನದ್ದು ಕಂಪನಿಗಳದ್ದು. ಟಿಕೆಟ್ ಇಲ್ಲದೆ ನಿಮ್ಮನ್ನು ಎಂತಕ್ಕೆ ಬಿಡುತ್ತಾರೆ?"

"ಯಾರದರ ಇರ್ಲಿ ಬಾಯಮ್ಮಾ, ನೆಲ ನಂದು," ಎಂದ ಕರಿಬಸವ.

ನಿಲ್ದಾಣ ತೆರೆದ ವರ್ಷವೇ ಇಬ್ಬರೂ ಬಸ್ಸು ಹತ್ತಿದರು. ವಿಮಾನ ನಿಲ್ದಾಣದ ಬಾಗಿಲಲ್ಲಿ ಕಾವಲಿನವನು ಟಿಕೆಟ್ ಕೇಳಿದ. ಕರಿಬಸವ ತಾನು ಹಾಸಿದ್ದು ಯಾವ ಕಂಬದಿಂದ ಯಾವ ಕಂಬದವರೆಗೆ ಎಂದು ಕೈ ಚಾಚಿ ತೋರಿಸತೊಡಗಿದ. "ಆಯ್ತಪ್ಪಾ, ಪಕ್ಕಕ್ಕೆ ನಿಂತ್ಕೊ," ಎಂದನವನು, ಸಿಟ್ಟೂ ಇಲ್ಲದೆ. ಗಾಜಿನಾಚೆ ಕಂಡದ್ದು ಜನರ ಬೆನ್ನು, ಪೆಟ್ಟಿಗೆ ಹೇರಿದ ಗಾಡಿಗಳು, ಅಷ್ಟೇ.

ಅಂಬವ್ವ ತಾವು ನಿಂತಿದ್ದ ಹೊರಗಿನ ಕಲ್ಲನ್ನು ನೋಡಿದಳು. "ಇದೂ ನೀವ ಹಾಕಿದ್ದೇನ್ರಿ?"

ಹೂಂ ಎಂದಿದ್ದರೆ ಅವಳ ಆಸೆ ಅಲ್ಲೇ ತೀರುತ್ತಿತ್ತು. ಆದರೆ ಆ ಪುಣ್ಯಾತ್ಮ ಬಗ್ಗಿ ಕಲ್ಲು ಸವರಿ, "ಇದು ಬ್ಯಾರೇದವರ ಕೈ," ಎಂದ.

ಉಡುಪಿಗೆ ವಾಪಸು ಹೊರಟ ಬಸ್ಸಿನಲ್ಲಿ ಅವನು ಕಿಟಕಿಗೆ ಮುಖ ಮಾಡಿ ಕೂತ. ನೆಲ ಕಾಣದ್ದಕ್ಕೆ ಅಂಬವ್ವನಿಗೆ ದುಃಖವಾಗಿತ್ತು, ನಿಜ. ಅದಕ್ಕಿಂತ ಹೆಚ್ಚಾಗಿ, ಈ ಮನುಷ್ಯ ಬಾಯಮ್ಮನೆದುರು ತಲೆ ತಗ್ಗಿಸಬೇಕಲ್ಲ ಎಂದು ಸಂಕಟವಾಯಿತು.

ಇಮೆಲ್ಡಾ ಬಾಯಿ ಅಂಗಳದಲ್ಲಿ ಬಟ್ಟೆ ಒಣಹಾಕುತ್ತಿದ್ದಳು. "ಎಂತ ಅಂಬವ್ವ, ಒಳಗೆ ಬಿಟ್ಟರಾ?"

ಕರಿಬಸವ ನಲ್ಲಿಯ ಹತ್ತಿರ ಹೋಗಿ ಮುಖ ತೊಳೆಯತೊಡಗಿದ.

"ಬಿಡದ ಏನ್ರಿ ಬಾಯಮ್ಮಾ!" ಎಂದಳು ಅಂಬವ್ವ, ದೊಡ್ಡ ದನಿಯಲ್ಲಿ. "ಆ ಕಡಿಂದ ಈ ಕಡಿ ನಡದ ಬಂದೆ. ಕನ್ನಡಿ ಅಂದ್ರ ಕನ್ನಡಿ! ಎಷ್ಟ ಜಾರತೈತಿ ಅಂತೀರಿ, ನಾ ಬೀಳೋದೊಂದು ಬಾಕಿ."

ಕರಿಬಸವ ಒದ್ದೆ ಮುಖದಲ್ಲೇ ತಿರುಗಿದ. "ಜಾರತೈತಂತ! ನಾ ಹಾಕಿದ ನೆಲ ಜಾರಂಗಿಲ್ಲ ಬಾಯಮ್ಮಾ! ಇಕಿ ಎಲ್ಲಿ ಕಾಲಿಟ್ಟಾಳ..." ಮಾತು ಅಲ್ಲಿಗೇ ನಿಂತಿತು.

ಅಂಬವ್ವನಿಗೆ ಭೂಮಿ ಬಾಯಿ ಬಿಡಬಾರದೇ ಎನಿಸಿತು. ಇಮೆಲ್ಡಾ ಬಾಯಿ ಇವಳನ್ನು ನೋಡಿದಳು, ಅವನನ್ನು ನೋಡಿದಳು. ಕೈಯಲ್ಲಿದ್ದ ಬಟ್ಟೆ ಕೊಡವಿ ಹಗ್ಗಕ್ಕೆ ಹಾಕಿದಳು.

"ನೆಲದ್ದು ತಪ್ಪಲ್ಲ ಕರಿಬಸವ," ಎಂದಳು. "ಇವಳ ಚಪ್ಪಲಿ ಹೊಸತು ಅಲ್ವಾ, ಅದಕ್ಕೆ ಜಾರಿದ್ದು."

ಅಂಬವ್ವನ ಕಾಲಲ್ಲಿದ್ದದ್ದು ಹಿಮ್ಮಡಿ ಸವೆದ ಹಳೆಯ ಹವಾಯಿ.