ಏನಿಲ್ರಿ ಅನ್ನುವವರ ಅರ್ಜಿ

ಹಿತ್ತಲ ಒಲೆಯ ಮೇಲೆ, ಅದಕ್ಕೆಂದೇ ಇಟ್ಟ ಹಳೆಯ ಡಬರಿಯಲ್ಲಿ ಮೈದಾಹಿಟ್ಟು ಕುದಿಯುತ್ತಿದೆ. ಶಿವಗಂಗಾ ಒಂದೇ ಸಮ ತಿರುವುತ್ತಿದ್ದಾರೆ. ಕೈ ನಿಂತರೆ ಗಂಟು ಕಟ್ಟುತ್ತದೆ, ಮಾತಿಗಿಳಿದರೆ ಕೈ ನಿಲ್ಲುತ್ತದೆ. ಹಾಗಾಗಿ ಮನೆಯಲ್ಲಿ ಸದ್ದಿಲ್ಲ. ಅಂಟು ಗಟ್ಟಿಯಾದ ಮೇಲೆ ಹುಳ ಹಿಡಿಯದಿರಲೆಂದು ಚಿಟಿಕೆ ಮೈಲುತುತ್ತ ಹಾಕಿ ಬಾಟಲಿಗೆ ತುಂಬುತ್ತಾರೆ. ಅಂಗಡಿಯ ದಾರಿಯುದ್ದಕ್ಕೂ ಆ ಬೆಚ್ಚಗಿನ ಬಾಟಲಿಯನ್ನು ಎರಡೂ ಕೈಯಲ್ಲಿ ಹಿಡಿದಿರುತ್ತಾರೆ. ಬೆರಳಿನ ಸಂದು ನೋವಿಗೆ ಅದು ಹಿತ. ಹಡಗಲಿಯ ಬಸ್ ನಿಲ್ದಾಣದಲ್ಲಿ ಆಗಲೇ ಮಲ್ಲಿಗೆ ಬುಟ್ಟಿಗಳು ಇಳಿಯುತ್ತಿವೆ.

ನಿಲ್ದಾಣದ ಎದುರಿನ ಸಂದಿಯಲ್ಲಿ ಅವರ ಅಂಗಡಿ. ಒಂದು ಕಂಪ್ಯೂಟರ್, ಒಂದು ಪ್ರಿಂಟರ್, ಬಂದವರಿಗೊಂದು ಬೆಂಚು. ಕೆಲಸ ಹುಡುಕುವವರಿಗೆ ಅರ್ಜಿ, ಬಯೋಡೇಟಾ ಬರೆದುಕೊಡುವುದು ಕಸುಬು. ಶಿವಗಂಗಾ ಅನ್ನುವುದಕ್ಕಿಂತ ಗಂಗಕ್ಕ ಎಂದರೆ ಇಟ್ಟಿಗಿ, ಹಿರೇಹಡಗಲಿ ಕಡೆಯ ಮಂದಿಗೆಲ್ಲ ಗೊತ್ತು. ಅವರು ಬರೆದದ್ದನ್ನು ಓದುವ ಸಾಹೇಬರಿಗೆ ಮಾತ್ರ ಗೊತ್ತಿಲ್ಲ.

ಹತ್ತನೇ ತರಗತಿ ಫೇಲಾದ ವರ್ಷ ಗಂಗಕ್ಕ ಹಾಲಸ್ವಾಮಿ ಮಾಸ್ತರರ ಟೈಪಿಂಗ್ ಶಾಲೆಗೆ ಕಸ ಗುಡಿಸಲು ಸೇರಿದರು. ಮಧ್ಯಾಹ್ನ ಯಂತ್ರಗಳು ಖಾಲಿಯಿದ್ದಾಗ ಮಾಸ್ತರರು, "ಕುಂದ್ರವ್ವಾ, ಬೆರಳು ಆಡ್ಸು" ಎಂದರು. ಎಲ್ಲ ಯಂತ್ರಗಳೂ ಒಟ್ಟಿಗೆ ಬಡಿಯುವಾಗ ತಗಡಿನ ಮೇಲೆ ಆಲಿಕಲ್ಲು ಬಿದ್ದಂತೆ ಕೇಳುತ್ತಿತ್ತಂತೆ. ಆ ದಿನಗಳ ಮಾತು ಬಂದರೆ ಗಂಗಕ್ಕನ ದನಿ ಮೆತ್ತಗಾಗುತ್ತದೆ. "ಆಗ ಅರ್ಜಿ ಹಾಕೋದಂದ್ರ ಹಬ್ಬ ಇದ್ದಂಗರಿ. ಇಸ್ತ್ರಿ ಅಂಗಿ ಹಾಕ್ಕೊಂಡು ಬರೋರು. 'ತಮ್ಮ ಸನ್ನಿಧಿಗೆ' ಅಂತ ಶುರು, 'ತಮ್ಮ ವಿಧೇಯ' ಅಂತ ಮುಗಿಸೋದು. ಲಕೋಟಿ ಕೈಗೆ ಕೊಟ್ರ ಕಣ್ಣಿಗೆ ಒತ್ಕೊಳ್ಳೋರು."

ಮಾಸ್ತರರು ತೀರಿಕೊಂಡರು, ಯಂತ್ರಗಳು ಗುಜರಿಗೆ ಹೋದವು. ನೆರೆತ ಕೂದಲಲ್ಲಿ ಗಂಗಕ್ಕ ಹುಡುಗರ ಪಕ್ಕ ಕೂತು ಕಂಪ್ಯೂಟರ್ ಕಲಿತರು. ಈಗ ಆ ಹುಡುಗರು ಮೊಬೈಲಿನಲ್ಲೇ ಬಯೋಡೇಟಾ ಮಾಡಿಕೊಳ್ಳುತ್ತಾರೆ. ಈ ಬೆಂಚಿಗೆ ಬರುವವರು ತಮ್ಮ ಬಗ್ಗೆ ಹೇಳಿಕೊಳ್ಳಲು ಬಾರದವರು. "ನಮ್ಮ ಕಡಿ ಮಂದಿಗೆ ಏನ್ ಕೆಲಸ ಬರ್ತೈತಿ ಅಂತ ಕೇಳಿದ್ರ, ಏನಿಲ್ರಿ ಅಂತಾರ. ಹೇಳ್ಕೊಂಡ್ರ ದಿಷ್ಟಿ ಆಗತೈತೇನೋ ಅನ್ನಂಗ." ಅದಕ್ಕೆ ಗಂಗಕ್ಕ ಒಂದು ಪದ್ಧತಿ ಮಾಡಿಕೊಂಡಿದ್ದಾರೆ. ಯಾರೂ ಒಬ್ಬರೇ ಬರಬಾರದು, ತಮ್ಮನ್ನು ಬಲ್ಲವರನ್ನು ಕರೆತರಬೇಕು.

ಇವತ್ತು ಇಟ್ಟಿಗಿಯ ಮಾಳಮ್ಮ ಬಂದಿದ್ದಾರೆ, ಜೊತೆಗೆ ಪಕ್ಕದ ಮನೆಯ ಕರಿಯಕ್ಕ. ಹರಪನಹಳ್ಳಿಯ ವಸತಿ ಶಾಲೆಯೊಂದಕ್ಕೆ ಅಡುಗೆಯವರು ಬೇಕಾಗಿದ್ದಾರೆ. ಸಂದರ್ಶನ ಇವತ್ತೇ. ಕೆಲಸ ಸಿಕ್ಕರೆ ಮಾಳಮ್ಮ ಕಬ್ಬು ಕಡಿಯಲು ಮಂಡ್ಯದ ಕಡೆ ಹೋಗುವುದು ತಪ್ಪುತ್ತದೆ, ಮಗಳು ಕೀರ್ತನಾ ನಡುವರ್ಷದಲ್ಲಿ ಶಾಲೆ ಬಿಡುವುದೂ ತಪ್ಪುತ್ತದೆ. ಹಿಂದೆ ಬೇರೊಂದು ಹಾಸ್ಟೆಲ್ಲಿಗೆ ಅರ್ಜಿ ಹಾಕಿದ್ದರು. ಬರೆದುಕೊಟ್ಟವನು ಕೇಳಿದ್ದಕ್ಕೆ "ಏನಿಲ್ರಿ" ಅಂದರು, ಅವನು "ಅನುಭವ: ಇಲ್ಲ" ಎಂದೇ ಟೈಪ್ ಹೊಡೆದ. ಅಲ್ಲಿಂದ ಕರೆ ಬರಲೇ ಇಲ್ಲ.

"ಅಡಗಿ ಎಲ್ಲೆಲ್ಲಿ ಮಾಡೀರಿ?" ಗಂಗಕ್ಕ ಕೇಳುತ್ತಾರೆ.

"ಏನಿಲ್ರಿ, ಮನ್ಯಾಗಷ್ಟ." ಮಾಳಮ್ಮ ಸೆರಗಿನ ತುದಿ ಸುತ್ತುತ್ತಾರೆ.

ಗಂಗಕ್ಕ ಪಕ್ಕಕ್ಕೆ ತಿರುಗುತ್ತಾರೆ. "ಕರಿಯಕ್ಕ, ನೀವು ಹೇಳ್ರಿ."

"ಮನ್ಯಾಗಂತ! ಓಣ್ಯಾಗ ಯಾರ ಮದುವಿ ಆದ್ರೂ ಸೌಟು ಇಕಿ ಕೈಯಾಗ. ಎರಡು ಸಾವಿರ ಮಂದಿಗೆ ಮಾಡ್ಯಾಳ, ಬರಕೊಳ್ರಿ!"

"ಎಲ್ಲಿ ಎರಡು ಸಾವಿರ, ಯಕ್ಕಾ?" ಮಾಳಮ್ಮ ತಲೆ ಎತ್ತುತ್ತಾರೆ.

"ನೀ ಸುಮ್ಕಿರು. ಹಂಗಾರ ಸಾವಿರ ಬರೀರಿ, ಗಂಗಕ್ಕ. ಮೈಸೂರುಪಾಕು ಸೈತ ಮಾಡ್ತಾಳ."

"ನಾ ಯಾವತ್ತು ಮಾಡೀನಿ? ಆವತ್ತು ಕಲ್ಲಾತಲ್ಲ, ಅದು ನೀ ಮಾಡಿದ್ದು!"

ಬೆಂಚಿನಲ್ಲಿ ಸರದಿಗೆ ಕಾಯುತ್ತಿದ್ದವರೆಲ್ಲ ನಗುತ್ತಾರೆ. ಮಾಳಮ್ಮ ನಗುವುದಿಲ್ಲ. ಮುಂದಕ್ಕೆ ಸರಿದು ಕೂರುತ್ತಾರೆ. "ಮುನ್ನೂರು ಮಂದಿರಿ. ಅನ್ನ, ಸಾರು, ಗೋಧಿ ಹುಗ್ಗಿ, ನಾನೊಬ್ಬಾಕಿನ ಮುಂದ ನಿಂತು ಮಾಡೀನಿ. ತಳ ಹಿಡಿಸಿಲ್ಲ, ಕಡಿಮಿ ಬಿದ್ದಿಲ್ಲ. ರೊಟ್ಟಿ ಬಡಿಯಾಕ ಮಾತ್ರ ಆಳು ಬೇಕು."

ಗಂಗಕ್ಕನ ಬೆರಳುಗಳು ಆಗಲೇ ಓಡುತ್ತಿವೆ. ಆಳು ಬೇಕೆಂಬ ಮಾತನ್ನೂ ಬಿಡದೆ ಹಾಳೆಗೆ ಇಳಿಸುತ್ತಾರೆ. "ಜೊತಿಗೆ ಬಂದೋರು ಜಾಸ್ತಿ ಹೇಳ್ತಾರ. ಅದನ್ನ ತಿದ್ದಾಕ ಹೋಗಿ ಇವರು ಖರೇ ಹೇಳ್ತಾರ. ನಾ ಬರಿಯೋದು ಆ ಖರೇ ಮಾತು," ಎನ್ನುತ್ತಾರೆ. ಫೋಟೊಗೆ ಅಂಟು ಸವರಿ ಒತ್ತಿ, ಬರೆದದ್ದನ್ನು ಗಟ್ಟಿಯಾಗಿ ಓದುತ್ತಾರೆ.

"ಇದು ನಾನ ಏನ್ರಿ?" ಮಾಳಮ್ಮ ಕೇಳುತ್ತಾರೆ.

"ನೀವ. ಅಲ್ಲೂ ಹಿಂಗ ಹೇಳ್ರಿ. ಏನಿಲ್ರಿ ಅಂದ್ರ ನೋಡ್ರಿ ಮತ್ತ!"

ಮಾಸ್ತರರ ಕಾಲದಲ್ಲಿ ಕೆಲಸ ಸಿಕ್ಕವರು ಪೇಡೆ ಹಿಡಿದು ಬಾಗಿಲಿಗೆ ಬರುತ್ತಿದ್ದರು. ಸಿಗದವರೂ ಬಂದು ಕೂತು, ಚಹಾ ಕುಡಿದು, ಮತ್ತೊಂದು ಅರ್ಜಿ ಬರೆಸುತ್ತಿದ್ದರು. ಈಗ ಹೋದವರು ಹೋದರು. ಬರೆದ ಹಾಳೆ ಯಾರಿಗೆ ಅನ್ನವಾಯಿತು, ಯಾರದು ಕಸದ ಬುಟ್ಟಿಗೆ ಹೋಯಿತು, ಗಂಗಕ್ಕನಿಗೆ ತಿಳಿಯುವುದಿಲ್ಲ.

ಹರಪನಹಳ್ಳಿ ಬಸ್ಸು ಹಾರ್ನ್ ಹೊಡೆಯುತ್ತದೆ. ಮಾಳಮ್ಮ ಲಕೋಟೆಯನ್ನು ಎದೆಗೆ ಅವಚಿಕೊಂಡು ಓಡುತ್ತಾರೆ, ಹಿಂದೆ ಕರಿಯಕ್ಕ. ಇಬ್ಬರೂ ಬಾಗಿಲಲ್ಲಿ ನಿಂತವರ ನಡುವೆ ತೂರಿಕೊಳ್ಳುತ್ತಾರೆ. ಗಂಗಕ್ಕ ಅಂಗಡಿ ಬಿಟ್ಟು ರಸ್ತೆಯವರೆಗೂ ಬರುತ್ತಾರೆ.

"ಮಾಳಮ್ಮಾ, ಆದ್ರೂ ಸರಿ, ಆಗಲಿಲ್ಲಂದ್ರೂ ಸರಿ, ಸಂಜಿಕ ಒಂದು ಫೋನ್ ಮಾಡ್ರವ್ವಾ!"

ಕೂಗು ಕೇಳಿಸಿತೋ ಇಲ್ಲವೋ, ಬಸ್ಸು ತಿರುವು ದಾಟುವವರೆಗೂ ಯಾವ ಕಿಟಕಿಯಲ್ಲೂ ಕೈ ಆಡುವುದಿಲ್ಲ.